ಕಂಪ್ಯೂಟರಿನದು ತಲೆಮಾರೋ, ಪೀಳಿಗೆಯೋ, ಯುಗವೋ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಉಡುಪಿ ಹತ್ತಿರದ ಒಂದು ಕನ್ನಡ ಶಾಲೆಯ ಗೋಡೆಗೆ ಕಂಪ್ಯೂಟರಿನ ಕತೆ ಹೇಳುವ ನಾಲ್ಕು ದೊಡ್ಡ ಹಾಳೆ ಬರೆದುಕೊಡುತ್ತಿದ್ದೇನೆ. ವಾಲ್ವ್ (ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಗಾಜಿನ ಕೊಳವೆ), ಟ್ರಾನ್ಸಿಸ್ಟರ್ (ಅದೇ ಕೆಲಸ ಮಾಡುವ ಪುಟ್ಟ ಬಿಡಿಭಾಗ), ಐಸಿ (ಹಲವು ಬಿಡಿಭಾಗ ಒಂದೇ ತುಂಡಿನಲ್ಲಿರುವ ಚಿಪ್), ಮೈಕ್ರೊಪ್ರೊಸೆಸರ್ (ಕಂಪ್ಯೂಟರಿನ ಮಿದುಳೇ ಒಂದು ಚಿಪ್ಪಿನಲ್ಲಿ) ಅಂತ ನಾಲ್ಕು ಹಂತ ಮಾಡಿ ಇಂಗ್ಲಿಷಿನಲ್ಲಿ ಜನರೇಶನ್ ಅನ್ನುತ್ತಾರಲ್ವಾ, ಅದಕ್ಕೆ ನಾವು ಏನು ಬರೆಯೋಣ?

ಯುಗ ಬೇಡ. ದ್ವಾಪರ ಮುಗಿದ ಮೇಲೇ ಕಲಿ ಬರಬೇಕು, ಇಲ್ಲಿ ಹಾಗಾಗಲಿಲ್ಲ. 1946ರಲ್ಲಿ ಜನರೆದುರು ಬಂದ ಅಮೆರಿಕದ ಎನಿಯಾಕ್ ಕಂಪ್ಯೂಟರಿನಲ್ಲಿ ಸುಮಾರು 18,000 ವಾಲ್ವ್ ಇದ್ದವು, ತೂಕ ಸುಮಾರು 30 ಟನ್. ಮರುವರ್ಷವೇ ಟ್ರಾನ್ಸಿಸ್ಟರ್ ಹುಟ್ಟಿತು, ಆದರೂ ಎನಿಯಾಕ್ 1955ರ ತನಕ ದುಡಿಯಿತು. ನಮ್ಮ ದೇಶದ್ದೇ ನೋಡಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಟಿಫ್ರಾಕ್ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡಿದಾಗ ಅದರೊಳಗಿದ್ದದ್ದು ವಾಲ್ವೇ, ಅದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಐಬಿಎಂ ಕಂಪನಿ ಪೂರ್ತಿ ಟ್ರಾನ್ಸಿಸ್ಟರಿನ 1401 ಕಂಪ್ಯೂಟರನ್ನು ಘೋಷಿಸಿತ್ತು. ಅಜ್ಜ, ಮೊಮ್ಮಗ ಒಂದೇ ಜಗಲಿಯಲ್ಲಿ ಕೂತ ಹಾಗೆ.

ಪೀಳಿಗೆ ತಪ್ಪಲ್ಲ, ಪತ್ರಿಕೆಯಲ್ಲಿ ಓದಿ ಅಭ್ಯಾಸವಿದೆ. ಆದರೆ 'ಯುವ ಪೀಳಿಗೆ' ಅಂದ ಕೂಡಲೇ ಒಂದು ವಯಸ್ಸಿನ ಗುಂಪು ಕಣ್ಣಿಗೆ ಬರುತ್ತದೆ, ಹಿಂದಿನವರ ನಂಟು ಬರುವುದಿಲ್ಲ. ತಲೆಮಾರು ಅಂದರೆ ಮನೆ, ಆಸ್ತಿ, ಹಿರಿಯರಿಂದ ಬಂದದ್ದು ಎಲ್ಲ ನೆನಪಾಗುತ್ತದೆ. ಐಸಿಯ ಕತೆಗೆ ಅದು ಎಷ್ಟು ಒಪ್ಪುತ್ತದೆ! 1958ರಲ್ಲಿ ಅಮೆರಿಕದ ಎಂಜಿನಿಯರ್ ಜ್ಯಾಕ್ ಕಿಲ್ಬಿ ಮಾಡಿದ್ದು ಟ್ರಾನ್ಸಿಸ್ಟರನ್ನು ಬಿಟ್ಟು ಬೇರೆ ಏನನ್ನೋ ಅಲ್ಲ, ಅದನ್ನೂ ಅದರ ಜೊತೆಯ ಬಿಡಿಭಾಗಗಳನ್ನೂ ಜರ್ಮೇನಿಯಂ ಅನ್ನುವ ಅರೆವಾಹಕದ ಒಂದೇ ತುಂಡಿನಲ್ಲಿ ಇಟ್ಟದ್ದು. ಇವತ್ತಿನ ಮೊಬೈಲಿನಲ್ಲೂ ಟ್ರಾನ್ಸಿಸ್ಟರೇ ಇದೆ.

ಇದಕ್ಕೆ ಆ ಶಾಲೆಯ ಮೇಷ್ಟ್ರು ಒಂದು ತಕರಾರು ತೆಗೆದರು. ತಲೆಮಾರು ಅಂದರೆ ಅಪ್ಪನಿಂದ ಮಗನಿಗೆ, ಆದರೆ ಟ್ರಾನ್ಸಿಸ್ಟರ್ ವಾಲ್ವಿನ ಮಗ ಅಲ್ಲವಲ್ಲ ಅಂದರು. ಅವರು ಹೇಳಿದ್ದು ನಿಜ. ವಾಲ್ವ್ ಬಂದದ್ದು ರೇಡಿಯೊ ಕಡೆಯಿಂದ. ಟ್ರಾನ್ಸಿಸ್ಟರ್ ಹುಟ್ಟಿದ್ದು ಟೆಲಿಫೋನಿನವರ ಬೆಲ್ ಲ್ಯಾಬ್ಸ್‌ನಲ್ಲಿ. 1971ರ ಇಂಟೆಲ್ 4004, ಸುಮಾರು 2,300 ಟ್ರಾನ್ಸಿಸ್ಟರಿನ ಆ ಪುಟ್ಟ ಚಿಪ್, ಶುರುವಾದದ್ದು ಜಪಾನಿನ ಬುಸಿಕಾಮ್ ಕಂಪನಿಯ ಕ್ಯಾಲ್ಕುಲೇಟರಿಗಾಗಿ. ಪ್ರತಿ ಸಲವೂ ಪಕ್ಕದ ಮನೆಯಲ್ಲಿ ಹುಟ್ಟಿದ್ದು ಕಂಪ್ಯೂಟರಿಗೆ ಆಸ್ತಿಯಾಗಿ ಬಂದಿದೆ.

ನಾನು ಅವರಿಗೆ ಅಳಿಯಕಟ್ಟು ನೆನಪಿಸಿದೆ. ನಮ್ಮ ಕಡೆಯ ಗುತ್ತಿನ ಮನೆಗಳಲ್ಲಿ, ಅಂದರೆ ಊರಿನ ಹಿರಿಯ ಭೂಮಾಲಿಕ ಮನೆತನಗಳಲ್ಲಿ, ಆಸ್ತಿ ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಬರುತ್ತಿತ್ತು, ಅಪ್ಪನಿಂದ ಅಲ್ಲ. ಹಾಗಂತ ಅಲ್ಲಿ ತಲೆಮಾರು ಎಣಿಸುವುದಿಲ್ಲವಾ? ಆ ಪದಕ್ಕೆ ಅಪ್ಪ–ಮಗನೇ ಆಗಬೇಕು ಅಂತೇನಿಲ್ಲ, ಒಬ್ಬರು ಇಟ್ಟುಹೋದದ್ದನ್ನು ಇನ್ನೊಬ್ಬರು ಹಿಡಿದು ಮುಂದೆ ನಡೆಸಿದರೆ ಸಾಕು ಅಂತ ನನಗೆ ಅನಿಸುತ್ತದೆ.

ಘಟ್ಟದ ಮೇಲಿನವರು ಹೇಳಿ, ಯಂತ್ರಕ್ಕೆ ತಲೆಮಾರು ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇನ್ನೊಂದು, 'ಮೂರು ತಲೆಮಾರಿನ ಮನೆ' ಅಂದರೆ ಅಷ್ಟು ಹಳೆಯ ಮನೆ. 'ಮೂರನೇ ತಲೆಮಾರಿನ ಕಂಪ್ಯೂಟರ್' ಅಂತ ಬರೆದರೆ ಮಕ್ಕಳು ಹಾಗೇ ಹಳೆಯದು ಅಂದುಕೊಳ್ಳಬಹುದಾ? ಮೊಬೈಲಿನ 5ಜಿ (ಆ ಜಿ ಅಂದರೂ ಜನರೇಶನ್ನೇ) ಬಗ್ಗೆಯೂ ಕೊನೆಯ ಹಾಳೆಯಲ್ಲಿ ಒಂದು ಸಾಲು ಇದೆ, ಅಲ್ಲಿಗೂ ಇದೇ ಪದ ಹಾಕಲಾ? ಮುಂದಿನ ವಾರ ಹಾಳೆ ಅಚ್ಚಿಗೆ ಹೋಗುತ್ತದೆ, ಅದಕ್ಕೆ ಮೊದಲು ತಿಳಿಸಿ.