ಅಪ್‌ಡೇಟ್: ಮಲ್ಪೆ ಬೋಟ್ ನಿಂತ ದಿನ ನಾವು ಕೊನೆಗೆ ಹೋಗಿದ್ದು ವರಂಗಕ್ಕೆ

ಕಡಲು ಜೋರಾಗಿದೆ ಅಂತ ಸೇಂಟ್ ಮೇರೀಸ್ ದ್ವೀಪದ ಬೋಟ್ ನಿಲ್ಲಿಸಿದ್ದಾರೆ, ಅಮ್ಮ, ಮಕ್ಕಳು ಎಲ್ಲ ಜೊತೆಗಿದ್ದಾರೆ, ದಸರಾ ರಜೆಯಲ್ಲಿ ಬೇರೆ ಎಲ್ಲಿ ಹೋಗಬಹುದು ಅಂತ ಕೇಳಿದ್ದೆ ಅಲ್ವಾ? ಕೆರೆ ಮಧ್ಯೆ ಜೈನ ಬಸದಿ ಇರುವ ವರಂಗ ಅಂದವರಿಗೆ ತುಂಬಾ ಥ್ಯಾಂಕ್ಸ್.

ಕಾಪು ಲೈಟ್‌ಹೌಸ್ ಆಗಲಿಲ್ಲ, ಮೇಲೆ ಹತ್ತಲು ಸಂಜೆ ಮಾತ್ರ ಬಿಡುತ್ತಾರಂತೆ. ಕಾರ್ಕಳದ ಗೊಮ್ಮಟ (1432ರದ್ದು, 42 ಅಡಿ) ಚೆನ್ನಾಗಿತ್ತು, ಆದರೆ ಬಂಡೆ ಕಾದಿತ್ತು, ಅಮ್ಮ ಕೆಳಗೇ ಕೂತರು. ವರಂಗದ ಕೆರೆ ಬಸದಿಗೆ ನಡೆದು ಹೋಗುವ ದಾರಿಯೇ ಇಲ್ಲ, ದೋಣಿಯಲ್ಲೇ ಹೋಗಬೇಕು, ಇದು ನನಗೆ ಗೊತ್ತೇ ಇರಲಿಲ್ಲ! ಬೋಟ್ ತಪ್ಪಿತು ಅಂತ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದ ಮಗಳು ದೋಣಿಯ ಅಂಚಿಗೆ ಕೂತು ನೀರಲ್ಲಿ ಬೆರಳು ಅದ್ದಿ ಗೆರೆ ಎಳೆಯುತ್ತಲೇ ಬಂದಳು. ಅಮ್ಮನಿಗೂ ಆರಾಮಾಯ್ತು. ಕಾರ್ಕಳದಿಂದ ಹೆಬ್ರಿ ರಸ್ತೆ ಹಿಡಿದರೆ ಸಾಕು, ಸಿಗುತ್ತದೆ.