ಅಪ್‌ಡೇಟ್: ಅಪ್ಪನ ವಿಜಯ್ ಸೂಪರ್ ಈಗ ಎಡಕ್ಕೆ ಎಳೆಯುತ್ತಿಲ್ಲ

ಹ್ಯಾಂಡಲ್ ಸ್ವಲ್ಪ ಸಡಿಲ ಬಿಟ್ಟರೆ ಸ್ಕೂಟರ್ ಎಡಕ್ಕೆ ವಾಲುತ್ತದೆ, ಮುಂದಿನ ಬ್ರೇಕ್ ಹಿಡಿದರೆ 'ಟಕ್' ಅನ್ನುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ, ಅದರ ಮುಂದಿನ ಕಥೆ ಇದು. ಟೈರ್ ಬದಲಿಸಿ ಅಂದವರೇ ಜಾಸ್ತಿ. ಬದಲಿಸಿದೆ. ದುಡ್ಡು ಹೋಯ್ತು, ಎಳೆತ ಹೋಗಲಿಲ್ಲ.

ಕೊನೆಗೆ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಪೂರ್ತಿ ಬಿಚ್ಚಿದೆ. ಇಟಲಿಯ ಲ್ಯಾಂಬ್ರೆಟಾ ಸ್ಕೂಟರ್ ಜಾತಿಯ ಗಾಡಿ, ಹಾಗಾಗಿ ಚೇತಕ್‌ನಂತೆ ಒಂಟಿ ಕಾಲಲ್ಲ, ಎರಡು ಕಾಲು, ಸ್ಪ್ರಿಂಗ್ ಕೊಳವೆಯ ಒಳಗೆ. 'ಟಕ್' ಸದ್ದಿನ ಗುಟ್ಟು ಅಲ್ಲೇ ಸಿಕ್ಕಿತು: ಫೋರ್ಕಿಗೂ ಚಕ್ರಕ್ಕೂ ಕೊಂಡಿಯಾದ ಲಿಂಕಿನ ಬುಷ್‌ಗಳು (ಒಳಬಳೆಗಳು) ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಹ್ಯಾಂಡಲ್ ತಿರುಗಲು ಇರುವ ಬೇರಿಂಗ್, ಅಂದರೆ ಕೋನ್ ಸೆಟ್ಟಿನ ಬಟ್ಟಲಲ್ಲಿ ಗುಂಡುಗಳು ಸಾಲಾಗಿ ಕುಳಿ ಬೀಳಿಸಿದ್ದವು.

ಫೋರ್ಕ್ ಬಾಗಿದೆಯೇ ನೋಡಲು, ಅದರ ಮೇಲಿನ ಕೊಳವೆ ಮೇಜಿನ ಅಂಚಿನಾಚೆ ಚಾಚುವಂತೆ ಎರಡೂ ಕಾಲನ್ನು ದಪ್ಪ ಗಾಜಿನ ಮೇಲೆ ಮಲಗಿಸಿದೆ. ಎಡಗಾಲು ಕೂತಿತು, ಬಲಗಾಲಿನ ಕೆಳಗೆ ಸುಮಾರು 4 ಮಿಲಿಮೀಟರ್ ಸಂದು! ಎಳೆತದ ಗುಟ್ಟು ಇದೇ, ಫೋರ್ಕ್ ಬಾಗಿತ್ತು. ಹಳೇ ಪೆಟ್ಟು ಇರಬೇಕು. ಅಪ್ಪನನ್ನು ಕೇಳಿದರೆ ಸುಮ್ನೆ ನಕ್ಕರು.

ಲೇತ್ ಅಂಗಡಿಯವರು ಬಿಸಿ ಮಾಡದೆ ಪ್ರೆಸ್ಸಿನಲ್ಲೇ ಸ್ವಲ್ಪ ಸ್ವಲ್ಪವಾಗಿ ಒತ್ತಿ, ಪ್ರತಿ ಸಲ ಗಾಜಿನ ಮೇಲಿಟ್ಟು ನೋಡಿ ಸರಿ ಮಾಡಿದರು. ಹೊಸ ಬುಷ್, ಹೊಸ ಕೋನ್ ಸೆಟ್, ಸ್ಪ್ರಿಂಗಿಗೆ ಧಾರಾಳ ಗ್ರೀಸ್.

ಜೋಡಿಸುವಾಗ ಒಂದು ತಪ್ಪು ಮಾಡಿದೆ. ಕೋನ್ ಸೆಟ್ ಬಿಗಿ ಮಾಡುವ ಮೇಲಿನ ರಿಂಗ್ ನಟ್ ಜಾಸ್ತಿ ಬಿಗಿಯಾಗಿ, ಸ್ಕೂಟರ್ ಕುಡಿದವರ ಹಾಗೆ ಓಲಾಡಿತು. ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲ್ ತನ್ನ ಭಾರಕ್ಕೇ ಎರಡೂ ಕಡೆ ಬೀಳಬೇಕು, ಆದರೆ ಹಿಂದೆ ಮುಂದೆ ಅಲ್ಲಾಡಬಾರದು. ಅಷ್ಟಕ್ಕೆ ಸಡಿಲಿಸಿದೆ.

ನಿನ್ನೆ 30 ಕಿಲೋಮೀಟರ್ ಓಡಿಸಿದೆ, ನೇರ ಹೋಗುತ್ತಿದೆ. ಮಡ್‌ಗಾರ್ಡ್ ಮಾತ್ರ ಇನ್ನೂ ಗಡಗಡ ಅನ್ನುತ್ತದೆ, ಅದು ಮುಂದಿನ ಭಾನುವಾರಕ್ಕೆ.