ನಾಲ್ಕು ವರ್ಷದ ಮಗುವಿಗೆ ಟ್ಯಾಬ್, ಕಂಪ್ಯೂಟರ್ ಬಳಕೆಯನ್ನು ಕಲಿಸಬೇಕೇ?

ಪ್ರಶ್ನೆ:
ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಅವಳ ಓರಗೆಯ ಮಕ್ಕಳು ತಮಗೆ ಬೇಕಾದ ವಿಡಿಯೋಗಳನ್ನು ಫೋನಿನಲ್ಲಿ ತಾವೇ ಹುಡುಕಿಕೊಳ್ಳುವುದನ್ನು ಕಂಡಾಗ, ನಾವು ಅವಳನ್ನು ಇದರಿಂದ ದೂರವಿಟ್ಟು ಹಿಂದುಳಿಯುವಂತೆ ಮಾಡುತ್ತಿದ್ದೇವೆಯೇ ಎಂಬ ಅಳುಕು ಮೂಡುತ್ತದೆ. ಈಗಿನಿಂದಲೇ ಕಲಿಸಬೇಕೋ, ಶಾಲೆಗೆ ಸೇರಿದ ಮೇಲೆ ಕಲಿತರೆ ಸಾಕೋ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಹಿಂದುಳಿಯುವ ಭಯವನ್ನು ಮೊದಲು ಬಿಡಿ. ಯಾರೂ ಹೇಳಿಕೊಡದೆಯೇ ಬಳಸಲು ಬರುವಂತೆ ಆ ಪರದೆಗಳನ್ನು ರೂಪಿಸಿರುವುದರಿಂದ, ಬೆರಳಾಡಿಸಿ ವಿಡಿಯೋ ಬದಲಿಸುವುದು ಮಗುವಿನ ಜಾಣ್ಮೆಗಿಂತ ಹೆಚ್ಚಾಗಿ ತಯಾರಕರ ಜಾಣ್ಮೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ, ಮೂರು-ನಾಲ್ಕು ವರ್ಷದವರು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಮಾರ್ಗಸೂಚಿಯು ಈ ವಯಸ್ಸಿನವರಿಗೆ ಕನಿಷ್ಠ 3 ಗಂಟೆಯ ಓಡಾಟ, ಆಟೋಟಗಳನ್ನೂ 10ರಿಂದ 13 ಗಂಟೆಯ ನಿದ್ರೆಯನ್ನೂ ಹೇಳುತ್ತದೆ. ಇವೆರಡಕ್ಕೆ ಊಟ, ಸ್ನಾನ, ಕತೆ ಹೇಳುವ ಹೊತ್ತನ್ನು ಸೇರಿಸಿದರೆ ದಿನದಲ್ಲಿ ಉಳಿಯುವುದೆಷ್ಟು? ಪರದೆಯಿಂದಾಗುವ ಹಾನಿಗಿಂತಲೂ ಅದು ಯಾವುದರ ಜಾಗವನ್ನು ಕಸಿಯುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಉತ್ತರ 2:
ಗಂಟೆಗಳ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ದೂರದಲ್ಲಿರುವ ಅಜ್ಜಿಯೊಡನೆ ವಿಡಿಯೋ ಕರೆಯಲ್ಲಿ ಮಾತನಾಡುವುದನ್ನೂ ತಾನಾಗಿ ಒಂದರ ಹಿಂದೊಂದು ಓಡುವ ಕಾರ್ಟೂನ್ ನೋಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 1967ರಲ್ಲಿ ಗಣಿತಜ್ಞ ಸೆಮೋರ್ ಪ್ಯಾಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಮುಂದೆ ಅದರಲ್ಲಿ ಮಕ್ಕಳು ಪರದೆಯ ಮೇಲೆ ಚಲಿಸುವ ‘ಆಮೆ’ ಎಂಬ ಗುರುತೊಂದಕ್ಕೆ ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ತಿರುಗು ಎಂದು ಆಜ್ಞೆ ಕೊಟ್ಟು ಚಿತ್ರ ಬಿಡಿಸುತ್ತಿದ್ದರು, ಚಿತ್ರ ಸೊಟ್ಟಗಾದರೆ ಎಲ್ಲಿ ತಪ್ಪಿತೆಂದು ತಾವೇ ಹುಡುಕಬೇಕಾಗಿತ್ತು. ಅಲ್ಲಿ ಯಂತ್ರವು ಮಗುವಿನ ಮಾತನ್ನು ಕೇಳುತ್ತದೆ. ಇಂದಿನ ಬಹುಪಾಲು ಆ್ಯಪ್‌ಗಳಲ್ಲಿ ಮಗುವೇ ಯಂತ್ರದ ಮಾತನ್ನು ಕೇಳುತ್ತದೆ. ಕಲಿಸುವುದಾದರೆ ಮೊದಲನೆಯದನ್ನು ಕಲಿಸಿ, ಅದಕ್ಕೂ ಅವಸರವಿಲ್ಲ. ಇದೇ ಜಾಡಿನ ಸ್ಕ್ರ್ಯಾಚ್‌ ಜೂನಿಯರ್ ಎಂಬ ಆ್ಯಪ್ ಕೂಡ ಐದರಿಂದ ಏಳು ವರ್ಷದವರಿಗಾಗಿ ಮಾಡಿದ್ದು.

ಉತ್ತರ 3:
ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳಾಗಿ ಒಂದು ಮಾತು. ಪಕ್ಕದಲ್ಲಿ ಕುಳಿತು ‘ಈಗ ಏನಾಯಿತು, ಮುಂದೇನಾಗಬಹುದು’ ಎಂದು ಕೇಳುವ ಹಿರಿಯರಿದ್ದರೆ ಮಕ್ಕಳು ಪರದೆಯಿಂದಲೂ ಕಲಿಯುತ್ತಾರೆ. ಊಟ ಮಾಡಿಸಲು, ಅಳು ನಿಲ್ಲಿಸಲು ಫೋನ್ ಕೊಡುವುದು ಕಲಿಕೆಯಲ್ಲ, ಅದು ನಮ್ಮ ಅನುಕೂಲ. (ಕೆಲವೊಮ್ಮೆ ಆ ಅನುಕೂಲ ಬೇಕಾಗುತ್ತದೆ, ಅದಕ್ಕಾಗಿ ತಾಯಂದಿರನ್ನು ದೂರುವುದು ತರವಲ್ಲ.)

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಅವಳು ನಮ್ಮ ಫೋನ್ ನೋಡಿ ಹಟ ಹಿಡಿದಾಗ ಏನು ಮಾಡಬೇಕು?

ಉತ್ತರ 3:
ನೀವು ಅದರಲ್ಲಿ ಏನು ಮಾಡುತ್ತಿದ್ದೀರೆಂದು ಹೇಳಿ ತೋರಿಸಿ: ದಾರಿ ಹುಡುಕುತ್ತಿದ್ದೇನೆ, ಹಣ ಕಳುಹಿಸುತ್ತಿದ್ದೇನೆ ಎಂದು. ಕೆಲಸ ಮುಗಿದೊಡನೆ ಅವಳ ಕಣ್ಣೆದುರೇ ಫೋನನ್ನು ಕೆಳಗಿಡಿ.